ಹೆಚ್ಚಾದ ಒಂದು ಹ

ತಾಳೆ ನೋಡು ಎಂದು ಅಣ್ಣ ಹೇಳಿದ್ದ. ನಾನು ನೋಡಲಿಲ್ಲ. ಎರಡು ಸಲ ನೋಡಿದೆ ಎಂದು ಹೇಳಿದೆ. ನನ್ನ ತಪ್ಪು ಇಷ್ಟೇ. ಆದರೆ ಅದರಿಂದ ಸಿಡ್ನಿಯ ಒಂದು ಇಡೀ ಕನ್ನಡ ಸಭೆ ದೇವರ ಮುಂದೆ ನಿಂತು ತನ್ನನ್ನು ತಾನೇ ಬೈದುಕೊಂಡಿತು.

ಅಣ್ಣನಿಗೆ ಹಾಡಲು ಬರುವುದಿಲ್ಲ. ಅದು ಅವನೊಬ್ಬನಿಗೆ ಗೊತ್ತಿರಲಿಲ್ಲ. ಸಿಡ್ನಿಯ ಗಿರಾವೀನ್ ಬಡಾವಣೆಯ ಚರ್ಚಿನಲ್ಲಿ ಕನ್ನಡ ಆರಾಧನೆ ಶುರುವಾದಾಗ ಹಾಡುವವರ ಗುಂಪಿಗೆ ಮೊದಲು ಹೆಸರು ಕೊಟ್ಟವನೇ ಅವನು. ಎರಡು ವಾರ ಸಹಿಸಿದ ಪಾಸ್ಟರ್, "ಬ್ರದರ್, ನಿಮ್ಮಂಥವರು ಕಂಪ್ಯೂಟರ್ ಹತ್ರ ಬೇಕು" ಎಂದು ಹಿಂದಿನ ಮೇಜಿಗೆ ಕಳಿಸಿದರು. ಮೈಕುಗಳನ್ನು ನೋಡಿಕೊಳ್ಳುವುದು, ಹಾಡಿನ ಸಾಲುಗಳನ್ನು ಪರದೆಯ ಮೇಲೆ ಬಿಡುವುದು ಅಲ್ಲಿಯ ಕೆಲಸ. ಅಣ್ಣ ಅದನ್ನು ಶಿಕ್ಷೆ ಎಂದುಕೊಳ್ಳಲಿಲ್ಲ. ಭಾನುವಾರ ಬೆಳಿಗ್ಗೆ ಏನೂ ತಿನ್ನದೆ, ಯಾರೂ ನೋಡದ ಆ ಮೂಲೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುತ್ತಿದ್ದ. ಲ್ಯಾಪ್‌ಟಾಪ್ ಮುಟ್ಟುವ ಮುಂಚೆ ಕೈ ತೊಳೆಯುತ್ತಿದ್ದ. "ಅವರು ಬಾಯಲ್ಲಿ ಹಾಡ್ತಾರೆ, ನಾನು ಬೆರಳಲ್ಲಿ ಹಾಡ್ತೀನಿ ಕಣೇ" ಎನ್ನುತ್ತಿದ್ದ.

ಕನ್ನಡ ಫಾಂಟ್‌ಗಳು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋದರೆ ಮುನಿಸಿಕೊಳ್ಳುತ್ತಿದ್ದ ಕಾಲ ಅದು. ನಾನು ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಿಂದ ಎರಡು ವಾರಕ್ಕೆಂದು ಅವನ ಮನೆಗೆ ಹೋಗಿದ್ದೆ. ಶನಿವಾರ ಅವನಿಗೆ ಕೆಲಸವಿತ್ತು. ಮರುದಿನದ ಹಾಡುಗಳ ಸಿಡಿ ಕೊಟ್ಟು, ಕೇಳಿಕೊಂಡು ಟೈಪ್ ಮಾಡಿಡು ಎಂದ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮೇಲಾಗಿ ನಮ್ಮೂರ ಕಡೆಯವರ ನಾಲಿಗೆಗೆ ಹಕಾರ ಹತ್ತುವುದಿಲ್ಲ. ಹಸು ಅಂದರೆ ಅಸು, ಹಲ್ಲು ಅಂದರೆ ಅಲ್ಲು.

"ನೀನು ಹ ನುಂಗ್ತೀಯ, ಹುಷಾರು. ಮುಗಿದ ಮೇಲೆ ಹಾಡಿನ ಪುಸ್ತಕ ಇಟ್ಕೊಂಡು ತಾಳೆ ನೋಡು."

"ಅಷ್ಟೂ ಗೊತ್ತಾಗಲ್ವಾ ನಂಗೆ? ಓಗು ನೀನು."

ಅವನ ಮಾತು ಚುಚ್ಚಿತು. ಒಂದು ಹಕಾರವನ್ನೂ ಬಿಡಬಾರದು ಎಂದು ಹಟ ಹಿಡಿದು, ಅನುಮಾನ ಬಂದಲ್ಲೆಲ್ಲ ಒಂದೊಂದು ಹಾಕಿದೆ. ಹಾಕಿ ಹಾಕಿ ಸುಸ್ತಾಗಿ, ಅತ್ತಿಗೆ ತರಿಸಿಟ್ಟಿದ್ದ ಸೀರಿಯಲ್ ಡಿವಿಡಿ ಹಚ್ಚಿಕೊಂಡು ಕೂತೆ. ಸಂಜೆ ಅಣ್ಣ ಬಂದು "ನೋಡಿದ್ಯಾ?" ಎಂದ.

"ಎರಡು ಸಲ" ಎಂದೆ.

ಭಾನುವಾರ ಮೂರನೇ ಹಾಡು. ಪುಸ್ತಕದಲ್ಲಿ ಇದ್ದದ್ದು "ನಿನ್ನ ಮನೆ ಆಳು ನಾನು, ಕರ್ತನೇ" ಎಂದು. ಪರದೆಯ ಮೇಲೆ ಬಂದದ್ದು "ನಿನ್ನ ಮನೆ ಹಾಳು ನಾನು, ಕರ್ತನೇ."

ಹೊಸ ಹಾಡು, ಯಾರಿಗೂ ಬಾಯಿಪಾಠವಿಲ್ಲ. ಕಣ್ಣು ಮುಚ್ಚಿದ್ದವರು ಒಮ್ಮೆ ತೆರೆದು, ಓದಿಕೊಂಡು, ಮತ್ತೆ ಮುಚ್ಚಿ ಭಕ್ತಿಯಿಂದ ಹಾಡಿದರು. ಎರಡನೇ ಸಲಕ್ಕೆ ಕೈ ಮೇಲೆತ್ತಿದ್ದ ಒಬ್ಬ ಆಂಟಿ ಹಾಗೇ ನಿಂತು ಪರದೆಯನ್ನು ದಿಟ್ಟಿಸಿದರು. ಮೂರನೇ ಸಲಕ್ಕೆ ತಬಲಾದವರು ನಗು ತಡೆಯಲಾರದೆ ತಾಳ ತಪ್ಪಿದರು. ಅಣ್ಣ ಗಾಬರಿಯಲ್ಲಿ ಸಾಲನ್ನು ಅಳಿಸಲು ಹೋಗಿ ಅದನ್ನು ಇನ್ನೂ ದೊಡ್ಡದು ಮಾಡಿದ.

ಕಾಫಿಯ ಹೊತ್ತಿಗೆ ಒಬ್ಬ ಅಂಕಲ್, "ಏನಪ್ಪಾ ಮನೆಹಾಳ, ಸಕ್ಕರೆ ಎಷ್ಟು?" ಎಂದರು. ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ.

"ಬೆಳಿಗ್ಗೆ ಫಾಂಟ್ ಬದಲಾಯಿಸುವಾಗ ನನ್ನ ಕೈಯೇ ತಪ್ಪಿರಬೇಕು ಅಂಕಲ್. ನನ್ನ ತಂಗಿ ಎರಡು ಸಲ ನೋಡಿದ್ದಾಳೆ."

ನನ್ನ ಬಾಯಲ್ಲಿ ಸಮೋಸ ಇತ್ತು. ಅದನ್ನು ನುಂಗಿದ ಮೇಲೂ ಬಾಯಿ ಬಿಡಲಿಲ್ಲ.

ಅಣ್ಣ ಹಿಂದಿನ ಮೇಜಿನ ಕೆಲಸ ಬಿಟ್ಟ. ನಾನು ಮೆಲ್ಬರ್ನ್‌ಗೆ ವಾಪಸಾದೆ. ಅತ್ತಿಗೆಯ ಫೋನ್ ಬರತೊಡಗಿತು.

"ನಿಮ್ಮಣ್ಣ ಈಗ ಮುಂದಿನ ಸಾಲಲ್ಲಿ ಕೂತು ಹಾಡ್ತಾರೆ ಕಣಮ್ಮ. ಹೋದ ವಾರ ಕೀಬೋರ್ಡ್‌ನವರು ತಮ್ಮದೇ ಶ್ರುತಿ ಕೆಟ್ಟಿದೆ ಅಂದ್ಕೊಂಡು ನಿಲ್ಲಿಸಿಬಿಟ್ರು."

"ವಾಪಸ್ ಕರೀಬೇಕಲ್ವಾ ಅತ್ತಿಗೆ?"

"ಪಾಸ್ಟರ್ ಕೈ ಮುಗಿದ್ರು. ಸಭೆಯವರೆಲ್ಲ ಅದಕ್ಕೇ ಪ್ರಾರ್ಥನೆ ಮಾಡ್ತಿದ್ದಾರೆ. ಇವರು ಒಪ್ಪಲ್ಲ. ನನ್ನ ಕೈ ದೇವರ ಹಾಡು ಕೆಡಿಸ್ತು ಅಂತಾರೆ. ಮನೇಲಿ ಟಿವಿ ರಿಮೋಟ್ ಕೂಡ ಮುಟ್ಟಲ್ಲ."

ರಿಮೋಟಿನ ಮಾತಿಗೆ ನಗು ಬಂತು. ಫೋನ್ ಇಟ್ಟ ಮೇಲೆ ಅಳು ಬಂತು. ಅವನಿಗೆ ಬರುತ್ತಿದ್ದ ಒಂದೇ ಹಾಡನ್ನು ನಾನು ಕಿತ್ತುಕೊಂಡಿದ್ದೆ. ಹೇಳಿಬಿಡೋಣ ಎಂದು ಎಷ್ಟೋ ಸಲ ಡಯಲ್ ಮಾಡಿದೆ. ಅವನು ಎತ್ತಿದ ಕೂಡಲೇ "ಅಲ್ಲಿ ಮಳೇನಾ?" ಎಂದು ಕೇಳಿ ಇಟ್ಟುಬಿಡುತ್ತಿದ್ದೆ. ಆ ದಿನಗಳಲ್ಲಿ ಸಿಡ್ನಿಯ ಹವಾಮಾನ ನನ್ನಷ್ಟು ತಿಳಿದವರು ಮೆಲ್ಬರ್ನ್‌ನಲ್ಲಿ ಇರಲಿಲ್ಲ.

ಕೊನೆಗೆ ಮತ್ತೆ ಸಿಡ್ನಿಗೆ ಹೋದೆ. ಆ ಸಭೆಯಲ್ಲಿ ಪಾಸ್ಟರ್ ಪ್ರಸಂಗ ಮಾಡುವ ಮುಂಚೆ ಸಾಕ್ಷಿ ಹೇಳುವ ಸಮಯ ಇರುತ್ತದೆ. ದೇವರು ಮಾಡಿದ ಉಪಕಾರವನ್ನು ಯಾರು ಬೇಕಾದರೂ ಎದ್ದು ಹೇಳಬಹುದು. ಕೆಲಸ ಸಿಕ್ಕಿದ್ದು, ಅಲ್ಲೇ ನೆಲೆಸಲು ಪಿಆರ್ ಬಂದದ್ದು. ನಾನು ಎದ್ದು ಮೈಕ್ ಹಿಡಿದು, ಕಣ್ಣು ಮುಚ್ಚಿ, ನನಗಷ್ಟೇ ಕೇಳುವ ದನಿಯಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದೆ. ಕಣ್ಣು ತೆರೆದರೆ ಯಾರ ಮುಖವೂ ಬದಲಾಗಿರಲಿಲ್ಲ. ಮೈಕ್ ಆನ್ ಆಗಿರಲಿಲ್ಲ. ಹಿಂದಿನ ಮೇಜಿನ ಹೊಸಬರು ಸಿಕ್ಕ ಗುಂಡಿಯನ್ನೆಲ್ಲ ಒತ್ತುತ್ತಿದ್ದರು. ಪ್ರೊಜೆಕ್ಟರ್ ಆರಿತು, ಫ್ಯಾನ್ ತಿರುಗಿತು, ಮೈಕ್ ಮಾತ್ರ ಜಪ್ಪೆನ್ನಲಿಲ್ಲ.

ಮುಂದಿನ ಸಾಲಿನಲ್ಲಿ ಅಣ್ಣ ಚಡಪಡಿಸುತ್ತಿದ್ದ. ತಡೆಯಲಾಗದೆ ಎದ್ದು ಸರಸರ ಹಿಂದಕ್ಕೆ ಹೋದ, ಏನನ್ನೋ ತಿರುಗಿಸಿದ. ಮೈಕ್ ಕೊಂಯ್ ಎಂದಿತು.

"ಈಗ ಮಾತಾಡೇ" ಎಂದು ಅಲ್ಲಿಂದಲೇ ಕೂಗಿದ.

ಸಭೆಗೆ ಅಲ್ಲ, ಅವನಿಗೇ ಮುಖ ಮಾಡಿ ನಿಂತೆ.

"ಅಣ್ಣ, ಆ ಸಾಲು ಕೆಡಿಸಿದ್ದು ನಾನು, ನಿನ್ನ ಕೈಯಲ್ಲ. ಪುಸ್ತಕ ತೆಗೀಲೇ ಇಲ್ಲ ನಾನು. ನೋಡ್ದೆ ಅಂತ ಸುಳ್ಳು ಏಳ್ದೆ. ಎಲ್ಲಾರೂ ನಿನ್ನ ನೋಡಿ ನಗ್ತಿದ್ರೆ ಪಕ್ಕದಲ್ಲೇ ನಿಂತು ತಿಂತಾ ಇದ್ದೆ. ತಪ್ಪಾಯ್ತು ಅಣ್ಣ. ನನ್ನ ಕ್ಷಮಿಸು."