ಪಿಂಜಾರರು ಹೊಲಿದ ಎರೆಭೂತ

2023ರಲ್ಲಿ ನಾನು ವಸ್ತುಸಂಗ್ರಹಾಲಯವೊಂದರ ಟ್ಯಾಕ್ಸಿಡರ್ಮಿ ವಿಭಾಗದಲ್ಲಿ ಕಿರಿಯ ಸಹಾಯಕಿ. ಸತ್ತ ಪ್ರಾಣಿಯ ಚರ್ಮದೊಳಗೆ ನಾರು ತುಂಬಿ, ಬದುಕಿದ್ದಾಗಿನ ಭಂಗಿಯಲ್ಲಿ ನಿಲ್ಲಿಸುವುದು ನಮ್ಮ ಕೆಲಸ. ಆ ಜನವರಿಯಲ್ಲಿ ಅರಣ್ಯ ಇಲಾಖೆಯವರು ಇಂಡಿ ಪಟ್ಟಣದ ತಮ್ಮ ಕಚೇರಿಗೆ ಕರೆಸಿದರು. ಜಪ್ತಿಯಾದ ಎರೆಭೂತವೊಂದು ಅಸಲಿಯೋ ಅಲ್ಲವೋ ನೋಡಿ ವರದಿ ಕೊಡಬೇಕಿತ್ತು.

ಎರೆಭೂತ ಕಪ್ಪು ಮಣ್ಣಿನ ಬಯಲಿನಲ್ಲಿ ನಡೆದಾಡುತ್ತಿದ್ದ ಮೂರಡಿ ಎತ್ತರದ ಹಕ್ಕಿ. ನಮ್ಮ ಸೀಮೆಯಲ್ಲಿ ಈಗ ಒಂದೂ ಇಲ್ಲ. ಇಲ್ಲದ್ದಕ್ಕೇ ಅದಕ್ಕೆ ಗಿರಾಕಿಗಳು. ದೇವಣಗಾಂವದ ರಾಜೇಸಾಬ, ತೀರಿಹೋದ ತಂದೆ ಮನೆಯಲ್ಲಿಟ್ಟಿದ್ದ ಹಕ್ಕಿಯನ್ನು ಮಾರಲು ಹೋಗಿ ಸಿಕ್ಕಿಬಿದ್ದಿದ್ದ. ಅಸಲಿಯಾದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಜೈಲು.

ಮೊದಲ ನೋಟಕ್ಕೆ ಹಕ್ಕಿ ಅಸಲಿಯೇ. ಬಿಳಿ ಕತ್ತು, ಕರಿ ನೆತ್ತಿ, ಕಾಲಿಗೆ ಮೂರೇ ಬೆರಳು. ಎರೆಭೂತಕ್ಕೆ ಹಿಂಬೆರಳಿರುವುದಿಲ್ಲ. ಆದರೆ ಭೂತಗನ್ನಡಿಯಲ್ಲಿ ಹಿಂಬೆರಳನ್ನು ಕತ್ತರಿಸಿ ತೆಗೆದ ಗುರುತು ಕಾಣಿಸಿತು. ಕಾಲು ಟರ್ಕಿ ಕೋಳಿಯದು. ಹೊಟ್ಟೆಯ ಹೊಲಿಗೆ ಬಿಚ್ಚಿದರೆ ಚರ್ಮವೇ ಇಲ್ಲ. ಗಾದಿಯ ಪಟ್ಟೆ ಬಟ್ಟೆ, ಹಿಂಜಿದ ಅರಳೆ. ಗರಿಗಳನ್ನು ಒಂದೊಂದಾಗಿ ಬಟ್ಟೆಗೆ ಹೊಲಿದಿದ್ದರು.

ಹೊರಗೆ ರಾಜೇಸಾಬನ ತಾಯಿ ಮಾಬೂಬಿ ಕುಳಿತಿದ್ದರು.

“ಯಮ್ಮಾ, ನಿಮ್ಮ ಮನಿಯವರು ಗಾದಿ ಹೊಲಿತಿದ್ರೇನ್ರಿ?”

“ಹೌದ್ರಿ, ಅರಳಿ ಹಿಂಜೂ ಪಿಂಜಾರರು ನಾವು. ಒಮ್ಮಿ ಹೊಲದಾಗ ಹಕ್ಕಿ ಕಂಡಿತ್ತು ಅವರಿಗೆ. ‘ಪಿಂಜಾರ ಅರಳಿ ಹಾರಿದ್ದು ನೋಡ್ಯಾನ’ ಅಂತ ಊರಾಗ ನಕ್ಕರು. ತೋರಸ್ತೇನಿ ತಡೀರಿ ಅಂತ ಕುಂತು ಹೊಲಿದ್ರು. ನೋಡಿದವರೆಲ್ಲಾ ಖರೇ ಹಕ್ಕಿ ಅಂದ್ರು, ಮಗನೂ ಹಂಗ ತಿಳಕೊಂಡ. ಅಲ್ಲ ಅನ್ನಾಕ ಇವರಿಗೆ ಬಾಯಿ ಬರಲಿಲ್ಲ.”

ಹತ್ತಿರದಿಂದ ನೋಡದವರು ಹಿಂಬೆರಳು ಕತ್ತರಿಸುತ್ತಿರಲಿಲ್ಲ. ಮಾಬೂಬಿಯ ಗಂಡ ಹಕ್ಕಿಯನ್ನು ಕಂಡದ್ದು ನಿಜ.

“ನಕಲಿ ಅಂತ ಬರದ್ರ ಮಗ ಬರ್ತಾನ್ರಿ. ಆದ್ರ ಊರಾಗ ಮತ್ತ ನಗ್ತಾರ,” ಎಂದೆ.

“ಬರಿಯವ್ವಾ,” ಎಂದರು. “ಅವರು ಮಣ್ಣಾಗ ಮಲಗ್ಯಾರ, ನಗಿ ಕೇಳಸೂದಿಲ್ಲ. ಇಂವಾ ಮನಿಗೆ ಬರ್ಲಿ.”

ಬರೆದೆ. ರಾಜೇಸಾಬ ಬಿಡುಗಡೆಯಾಗಿ ಕಚೇರಿಗೆ ಬಂದ. ಹಕ್ಕಿಯತ್ತ ನೋಡಲಿಲ್ಲ.

“ನಮ್ಮಪ್ಪ ಸುಳ್ಳ ಹೇಳ್ಯಾನೇನ್ರಿ, ಮೇಡಂ?”

ಕಾಲನ್ನು ತೋರಿಸಿ, ಹಕ್ಕಿಯನ್ನು ಹತ್ತಿರದಿಂದ ಕಂಡವರಷ್ಟೇ ಹಿಂಬೆರಳನ್ನು ಹೀಗೆ ತೆಗೆಯಬಲ್ಲರೆಂದು ವಿವರಿಸಿದೆ. ಅವನು ಆ ಗುರುತನ್ನು ಬೆರಳಿನಿಂದ ಸವರಿದ.

“ನೀವು ಹೇಳಿದ್ರಿ, ನಾ ನಂಬಿದೆ. ಊರಾಗ ನಾ ಹೇಳಿದ್ರ ಯಾರ್ ನಂಬ್ತಾರ್ರಿ?”

ವಸ್ತುವೊಂದು ನಕಲಿಯೆಂದು ಸಾಬೀತು ಮಾಡಲು ನನ್ನ ವೃತ್ತಿ ಕಲಿಸಿದೆ. ಅದನ್ನು ಮಾಡಿದವನು ಸುಳ್ಳುಗಾರನಲ್ಲವೆಂದು ಅವನ ಊರಿಗೆ ಸಾಬೀತು ಮಾಡುವುದು ಆ ವೃತ್ತಿಯ ಕೈಲಾಗದು ಎಂಬುದನ್ನು ಇಂಡಿಯಲ್ಲಿ ಕಲಿತೆ.