ಬಮ್ಮಿಗಟ್ಟಿಯ ಗಿರಣಿಯವನ ಬಾಯಿ ವಾಸನೆ

ಕೊರೊನಾ ಇಳಿದು ಜನ ಮಾಸ್ಕ್ ಕಿತ್ತು ಜೇಬಿಗಿಡತೊಡಗಿದ್ದ 2022ರಲ್ಲಿ ನಾನು ಕಲಘಟಗಿಯಲ್ಲಿ ಸರ್ಕಾರಿ ದಂತವೈದ್ಯೆಯಾಗಿದ್ದೆ. ಅದು ನಿವೃತ್ತಿಗೆ ಮುಂಚಿನ ಕೊನೆಯ ಪೋಸ್ಟಿಂಗ್. ಒಂದು ಕುರ್ಚಿ, ಹಲ್ಲು ಶುಚಿಮಾಡುವ ಒಂದು ಸ್ಕೇಲಿಂಗ್ ಯಂತ್ರ, ಕರೆಂಟ್ ಇದ್ದಷ್ಟು ಹೊತ್ತು ಕೆಲಸ. ಹಲ್ಲು ಕೀಳಿಸಿಕೊಳ್ಳಲು ಬರುವವರೇ ಹೆಚ್ಚು. ಬಾಯಿ ವಾಸನೆಗೆಂದು ಯಾರೂ ನೇರವಾಗಿ ಬರುತ್ತಿರಲಿಲ್ಲ; ಬೇರೇನೋ ನೆಪ ಹೇಳಿ, ಎದ್ದು ಹೋಗುವಾಗ ಬಾಗಿಲ ಬಳಿ ನಿಂತು ಮೆಲ್ಲಗೆ ಕೇಳುತ್ತಿದ್ದರು.

ಶಿವಾನಂದ ಹಾಗಲ್ಲ. ಬಮ್ಮಿಗಟ್ಟಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ, ನಲವತ್ತರ ಆಸುಪಾಸಿನ ಗಟ್ಟಿ ಆಳು. ಕುರ್ಚಿಯಲ್ಲಿ ಕೂಡುವ ಮೊದಲೇ ಹೇಳಿದ.

"ಮೇಡಂ, ನನ್ನ ಬಾಯಿ ನಾರತೈತ್ರಿ. ಏನ್ ಬೇಕಾದ್ದ ಮಾಡ್ರಿ, ಅದೊಂದು ಹೋಗಬೇಕು."

"ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ನನಗ ಗೊತ್ತೈತಿ."

ಬಾಯಿ ವಾಸನೆಯ ಮೂಲ ಬಹುಪಾಲು ಬಾಯಿಯಲ್ಲೇ ಇರುತ್ತದೆ. ಹೊಟ್ಟೆಯಿಂದ ಬರುತ್ತದೆ ಎಂಬ ನಂಬಿಕೆ ಊರೂರಲ್ಲಿದ್ದರೂ ಅಂಥದ್ದು ಕಡಿಮೆ. ನಾಲಿಗೆಯ ಹಿಂಭಾಗದ ಬಿಳಿ ಪದರ, ವಸಡು ಮತ್ತು ಹಲ್ಲಿನ ನಡುವಿನ ಸಂದು, ಹುಳುಕಿನಲ್ಲಿ ಸಿಕ್ಕಿಕೊಂಡ ಆಹಾರ, ಇಲ್ಲೆಲ್ಲ ಬ್ಯಾಕ್ಟೀರಿಯಾ ಬೆಳೆದು ಗಂಧಕದ ಅಂಶವಿರುವ ಅನಿಲ ಬಿಡುತ್ತವೆ. ನಾರುವುದು ಅದೇ. ಬಾಯಿ ಒಣಗಿದರೆ ವಾಸನೆ ಇನ್ನೂ ಹೆಚ್ಚು. ಟಾನ್ಸಿಲ್, ಸೈನಸ್, ಸಕ್ಕರೆ ಕಾಯಿಲೆ, ತಂಬಾಕು ಇವನ್ನೂ ನೋಡಬೇಕಾಗುತ್ತದೆ. ಇದನ್ನು ಅಳೆಯುವ ಯಂತ್ರ ನನ್ನಲ್ಲಿರಲಿಲ್ಲ. ಇದ್ದದ್ದು ನನ್ನ ಮೂಗು. ಅವನಿಗೆ ಬಾಯಿಂದ ಉಸಿರು ಬಿಡಲು ಹೇಳಿ ಒಂದು ಗೇಣು ದೂರದಿಂದ ಮೂಸಿದೆ. ನಾಲಿಗೆಯ ಹಿಂಭಾಗವನ್ನು ತೆಳ್ಳಗಿನ ಬ್ಯಾಂಡೇಜು ಬಟ್ಟೆಯಿಂದ ಒರೆಸಿ ಅದನ್ನೂ ಮೂಸಿದೆ. ಏನೂ ಇಲ್ಲ. ತಂಬಾಕಿನ ಚಟವಿಲ್ಲ. ಒಂದೇ ತೊಂದರೆ ಎಂದರೆ, ದಿನಕ್ಕೆ ನಾಲ್ಕೈದು ಸಲ ಬ್ರಷ್ ಹಾಕಿ ಉಜ್ಜಿ ವಸಡು ಗಾಯ ಮಾಡಿಕೊಂಡಿದ್ದ. ಜೇಬಿನ ತುಂಬ ಯಾಲಕ್ಕಿ, ಲವಂಗ.

"ನಿಮ್ಮ ಬಾಯಿ ಸ್ವಚ್ಛ ಐತ್ರಿ. ವಾಸನಿ ಇಲ್ಲ," ಅಂದೆ.

ಅವನಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವನ ಮುಖ ಇಳಿದುಹೋಯಿತು.

"ಹಂಗಂದ್ರ ಆಕಿ ಯಾಕ ಹೋದ್ಲರಿ?"

ನಾನು ಸ್ಟೂಲ್ ಎಳೆದುಕೊಂಡು ಕೂತೆ. ಹೊರಗೆ ಅವತ್ತು ಹೆಚ್ಚು ಜನರೂ ಇರಲಿಲ್ಲ. ಅವನು ಹೇಳತೊಡಗಿದ. ಹೆಂಡತಿ ಗಿರಿಜಾ ಅಳ್ನಾವರದವಳು. ಅವ್ವನ ಮೊಣಕಾಲು ನೋವಿನ ನೆಪ ಹೇಳಿ ತವರಿಗೆ ಹೋದವಳು ಮಳೆಗಾಲ ಕಳೆದರೂ ಬಂದಿಲ್ಲ. ಜಗಳವಿಲ್ಲ, ಮಾತಿಗೆ ಮಾತು ಬೆಳೆದಿಲ್ಲ. ಫೋನ್ ಮಾಡಿದರೆ ಚೆನ್ನಾಗಿಯೇ ಮಾತಾಡುತ್ತಾಳೆ, ಬಾ ಅಂದರೆ ಮಾತ್ರ ಬೇರೆ ಮಾತು ತೆಗೆಯುತ್ತಾಳೆ.

"ಮೊದಲ ಗಿರಣ್ಯಾಗ ನನ್ನ ಕಿವಿಗೆ ಬಾಯಿ ಹಚ್ಚಿ ಊಟಕ್ಕ ಬರ್ರಿ ಅಂತಿದ್ಲರಿ. ಅಷ್ಟ ಸಪ್ಪಳ ಇರತೈತಿ ಅಲ್ಲಿ. ಆಮ್ಯಾಲ ದೂರ ನಿಂತು ಕೈ ಸನ್ನಿ ಮಾಡಾಕ ಹತ್ತಿದ್ಲು. ಮಾಸ್ಕ್ ಎಲ್ಲಾರೂ ತಗದ್ರೂ ಆಕಿ ತಗೀಲಿಲ್ಲ. ಮನ್ಯಾಗೂ ಹಾಕ್ಕೊಂಡ ಇರ್ತಿದ್ಲು. ಗ್ವಾಡಿ ಕಡೆ ಹೊಳ್ಳಿ ಮಲಗ್ತಿದ್ಲು. ನನ್ನ ವಾಸನಿಗೆ ಅಲ್ದ ಮತ್ತ್ಯಾಕ್ರಿ?"

ಅವನು ಹೇಳಿದ್ದನ್ನು ಕೇಳುತ್ತಾ ನನಗೊಂದು ಅನುಮಾನ ಬಂತು.

"ಮನ್ಯಾಗ ಮಾಸ್ಕ್ ಹಾಕ್ಕೊಂಡಾಗ ಆಕಿ ಮೂಗು ಮುಚ್ಚಿರತಿತ್ತೇನು?"

ಅವನು ಯೋಚಿಸಿದ. "ಇಲ್ರಿ. ಉಸಿರು ಕಟ್ಟತೈತಿ ಅಂತ ಮೂಗಿನ ಕೆಳಗ ಇಳಿಸಿರ್ತಿದ್ಲು. ಬಾಯಿ ಅಷ್ಟ."

ಇನ್ನೊಬ್ಬರ ವಾಸನೆ ತಾಳದವರು ಮೂಗು ಮುಚ್ಚಿಕೊಳ್ಳುತ್ತಾರೆ. ಬಾಯಿ ಮುಚ್ಚಿಕೊಳ್ಳುವವರು ತಮ್ಮದನ್ನು ಬಚ್ಚಿಡುತ್ತಿರುತ್ತಾರೆ. ಇದನ್ನು ಹೇಳಿದಾಗ ಶಿವಾನಂದ ನನ್ನನ್ನೇ ನೋಡಿದ. "ನನಗ ಯಾವತ್ತೂ ಏನೂ ಅನಿಸಿಲ್ಲಲ್ರಿ," ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಮೂಗಿನ ತುಂಬ ದಿನವಿಡೀ ಜೋಳದ ಹಿಟ್ಟು. ಇನ್ನುಳಿದದ್ದು ಅವಳೇ ಅವನನ್ನು ಹತ್ತಿರ ಬಿಡದೆ ಕಾಪಾಡಿಕೊಂಡ ದೂರ.

ಆಕೆಯನ್ನು ಒಮ್ಮೆ ಕರೆತರಲು ಹೇಳಿದೆ. ಏನು ಹೇಳಿ ಕರೆತರಲಿ ಎಂದು ಕೇಳಿದ. "ಆಕಿ ಬಾಯಿ ಸುದ್ದಿ ತಗೀಬ್ಯಾಡ್ರಿ. ನೀವು ಇಲ್ಲಿಗೆ ಯಾಕ ಬಂದಿದ್ರಿ ಅನ್ನೂದನ್ನ ಹೇಳ್ರಿ," ಅಂದೆ.

ಮುಂದಿನ ವಾರ ಗಿರಿಜಾ ಬಂದಳು. ಜೊತೆಗೆ ಶಿವಾನಂದನಿದ್ದ, ಒಳಗೆ ಬರಲಿಲ್ಲ. ತೆಳ್ಳಗಿನ ಹೆಂಗಸು, ಸೆರಗು ಬಾಯಿಗೇ ಅಂಟಿಕೊಂಡಂತಿತ್ತು. ಅವಳೇ ಮಾತು ತೆಗೆದಳು.

"ನನ್ನ ಸಲುವಾಗಿ ಅವರು ತಮ್ಮ ಬಾಯಿ ತೋರ್ಸ್ಕೊಂಡು ಹೋದ್ರಂತ್ರಿ. ಕೇಳಿ ನನಗ ಜೀವ ಹಿಡಿಯಷ್ಟಾತು." ಕಣ್ಣೊರೆಸಿಕೊಂಡಳು. ಎರಡು ವರ್ಷದ ಹಿಂದೆ ಮಹಿಳಾ ಸಂಘದ ಸಭೆಯಲ್ಲಿ ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಮುಖ ತಿರುಗಿಸಿಕೊಂಡಿದ್ದಳಂತೆ. ಅಂದಿನಿಂದ ಗಂಡನೂ ಒಂದು ದಿನ ಹಾಗೇ ಮುಖ ತಿರುಗಿಸಿಯಾನು ಎಂಬ ಭಯ. ಅದನ್ನು ನೋಡುವ ಬದಲು ತವರಿಗೆ ಹೋಗುವುದೇ ಮೇಲೆನಿಸಿತ್ತು.

ಅವಳಿಗೆ ವಾಸನೆ ನಿಜವಾಗಿಯೂ ಇತ್ತು, ಜೋರಾಗಿಯೇ ಇತ್ತು. ಹಲ್ಲಿನ ಬುಡದಲ್ಲೆಲ್ಲ ಕಲ್ಲಿನಂತೆ ಗಟ್ಟಿಯಾದ ಕಿಟ್ಟ, ಮುಟ್ಟಿದರೆ ರಕ್ತ ಬರುವ ವಸಡು. ಉಜ್ಜಿದರೆ ರಕ್ತ ಬರುತ್ತದೆಂದು ವಸಡಿನ ಹತ್ತಿರ ಬ್ರಷ್ ಒಯ್ಯುವುದನ್ನೇ ಬಿಟ್ಟಿದ್ದಳು. ಬಹಳ ಜನ ಮಾಡುವ ತಪ್ಪು ಇದು, ಇದರಿಂದ ರೋಗ ಇನ್ನಷ್ಟು ಆಳಕ್ಕಿಳಿಯುತ್ತದೆ. ಅನುಮಾನ ಬಂದು ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಅಂಶವೂ ಏರಿತ್ತು. ಸಕ್ಕರೆ ಕಾಯಿಲೆ ವಸಡನ್ನು ಕೆಡಿಸುತ್ತದೆ, ಕೆಟ್ಟ ವಸಡು ಸಕ್ಕರೆಯನ್ನು ಹತೋಟಿಗೆ ಬರಲು ಬಿಡುವುದಿಲ್ಲ.

ಫಿಜಿಶಿಯನ್ ಮಾತ್ರೆ ಶುರುಮಾಡಿದರು. ನಾನು ಸ್ಕೇಲಿಂಗ್ ಮಾಡಿ, ಆಮೇಲೆ ವಸಡಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಬೇರಿನವರೆಗೆ ಹಂತಹಂತವಾಗಿ ಶುಚಿಗೊಳಿಸಿದೆ. ಮೆತ್ತಗಿನ ಬ್ರಷ್, ಹಲ್ಲುಸಂದಿಗೆ ಸಣ್ಣ ಬ್ರಷ್, ದಿನಾ ನಾಲಿಗೆ ಕೆರೆಯುವುದು. ಮೌತ್‌ವಾಶ್ ಸ್ವಲ್ಪ ದಿನಕ್ಕೆ ಮಾತ್ರ. ಅದು ವಾಸನೆ ಮುಚ್ಚುತ್ತದೆ, ಕಿಟ್ಟ ತೆಗೆಯುವುದಿಲ್ಲ. ಆಕೆ ತಪ್ಪದೆ ಬಂದಳು. ವಸಡು ಗಟ್ಟಿಯಾಯಿತು, ರಕ್ತ ನಿಂತಿತು, ವಾಸನೆ ಹೋಯಿತು. ಆದರೂ ಅಳ್ನಾವರದಿಂದಲೇ ಬರುತ್ತಿದ್ದಳು, ಅಲ್ಲಿಗೇ ಹೋಗುತ್ತಿದ್ದಳು. ಶಿವಾನಂದ ಪ್ರತಿ ಸಲವೂ ಬಂದು ಹೊರಗೆ ಬೇವಿನ ಗಿಡದ ಕೆಳಗೆ ಕಾಯುತ್ತಿದ್ದ.

ಕೊನೆಯ ಸಲ ಬಂದಾಗ ಕೇಳಿದಳು. "ಈಗ ನಾರಂಗಿಲ್ಲ ಅನ್ನೂದನ್ನ ನಾ ಹ್ಯಾಂಗ ನಂಬಲಿ, ಮೇಡಂ?"

ತನ್ನ ವಾಸನೆಗೆ ತನ್ನ ಮೂಗು ಒಗ್ಗಿಹೋಗಿರುತ್ತದೆ, ಇದ್ದರೂ ಇಲ್ಲದಿದ್ದರೂ ತನಗೆ ತಿಳಿಯದು. ಅದನ್ನು ತನ್ನವರು ಯಾರಾದರೂ ಹೇಳಬೇಕು. "ನನ್ನನ್ನ ಕೇಳಬ್ಯಾಡವಾ. ಹೊರಗ ಬೇವಿನ ಗಿಡದ ಬುಡಕ್ಕ ಕುಂತಾರಲ್ಲ, ಅವರನ್ನ ಕೇಳು," ಅಂದೆ.

ಕಿಟಕಿಯಿಂದ ನೋಡಿದೆ. ಅವನಿಂದ ಸ್ವಲ್ಪ ದೂರದಲ್ಲಿ ಸುಮಾರು ಹೊತ್ತು ನಿಂತೇ ಇದ್ದಳು. ಆಮೇಲೆ ಹೋಗಿ ಪಕ್ಕದಲ್ಲಿ ಕೂತಳು. ಏನು ಕೇಳಿದಳೋ, ಅವನೇನು ಹೇಳಿದನೋ ನನಗೆ ಕೇಳಿಸಲಿಲ್ಲ. ಅಳ್ನಾವರದ ಬಸ್ಸಿನ ಹೊತ್ತಾದರೂ ಅವಳು ಏಳಲಿಲ್ಲ. ಸಂಜೆ ಇಬ್ಬರೂ ಬಮ್ಮಿಗಟ್ಟಿಗೆ ಹೋದರು.

ಅಲ್ಲಿಂದ ಮುಂದೆ ನಿವೃತ್ತಿಯವರೆಗೆ, ಕೆಟ್ಟ ವಸಡು ಕಂಡರೆ ರೋಗಿ ಕೇಳಲಿ ಬಿಡಲಿ, ಬಾಯಿ ವಾಸನೆಯ ಮಾತನ್ನು ನಾನೇ ಮೊದಲು ಎತ್ತುತ್ತಿದ್ದೆ. ಕೆಲವರು ಸಿಟ್ಟಾದರು, ಒಬ್ಬಿಬ್ಬರು ಎದ್ದು ಹೋದದ್ದೂ ಉಂಟು. ಅದಕ್ಕೆ ಬೇಸರವಿಲ್ಲ. ಹೇಳುವವರು ಯಾರೂ ಇಲ್ಲದ್ದಕ್ಕೆ ಶಿವಾನಂದ, ಗಿರಿಜಾ ಒಂದೇ ಸೂರಿನಡಿ, ಆಮೇಲೆ ಬೇರೆ ಬೇರೆ ಊರಲ್ಲಿ, ಒಬ್ಬರಿಗೊಬ್ಬರು ಹಂಬಲಿಸುತ್ತ ಎರಡು ವರ್ಷ ಕಳೆದಿದ್ದರು. ವಸಡು ನನ್ನ ಕೈಯಲ್ಲಿ ಗುಣವಾಯಿತು. ಆ ಎರಡು ವರ್ಷವನ್ನು ಅವರಿಗೆ ವಾಪಸು ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.