ಮಾವಿನೆಲೆ ಅಂದುಕೊಂಡು ಹೊಲಗೇರು ಕೊಯ್ದೆ

ಹೋದ ವರ್ಷ ವೈಶಾಖದಲ್ಲಿ ನನ್ನ ನಿಶ್ಚಿತಾರ್ಥ. ನಮ್ಮೂರು ಕುಮಟಾ ಹತ್ತಿರದ ಬಾಡ, ಹುಡುಗನದು ಹೊನ್ನಾವರ. ಹಿಂದಿನ ದಿನ, ತೋರಣಕ್ಕೆ ಮಾವಿನೆಲೆ ತರುತ್ತೇನೆಂದ ತಮ್ಮ ಕ್ರಿಕೆಟ್ಟಿಗೆ ಹೋದವನು ಪತ್ತೆಯೇ ಇಲ್ಲ. ಕಾದು ಕೂರುವುದು ನನ್ನ ಜಾಯಮಾನವಲ್ಲ. ಇವನನ್ನು ನಂಬಿದರೆ ಆದ ಹಾಗೇ ಎಂದು ಬೈದುಕೊಂಡು ನಾನೇ ಮನೆ ಹಿಂದಿನ ಬೆಟ್ಟ ಹತ್ತಿ ಚೀಲ ತುಂಬ ಎಲೆ ಕೊಯ್ದು ತಂದೆ. ಬೆವರು ಸುರಿಯುತ್ತಿತ್ತು, ಅದೇ ಕೈಯಲ್ಲಿ ಮುಖ ಒರೆಸಿಕೊಂಡೆ.

ಬೆಳಗ್ಗೆ ಎದ್ದರೆ ಕಣ್ಣೇ ಬಿಡಲಾಗಲಿಲ್ಲ. ಕನ್ನಡಿ ನೋಡಿದೆ. ಅಯ್ಯೋ ದೇವರೇ, ಮುಖ ಇಡ್ಲಿಯ ಹಾಗೆ ಊದಿಕೊಂಡಿದೆ! ಕೆನ್ನೆ ತುಂಬ ಗುಳ್ಳೆ, ತಡೆಯಲಾರದ ಉರಿ.

ಅಜ್ಜಿ ಚೀಲ ತೆರೆದು ಒಂದು ಎಲೆಯನ್ನು ಕಡ್ಡಿಯಲ್ಲಿ ಎತ್ತಿ ತೋರಿಸಿದಳು. "ತೊಟ್ಟಲ್ಲಿ ಸಣ್ಣ ಕೊಂಬು ಕಾಣ್ತದಲ್ಲ? ಮಾವಿಗೆ ಅದಿರ್ತದಾ? ಇದು ಹೊಲಗೇರು ಮಾರಾಯ್ತಿ, ಸೊನೆಯೇ ವಿಷ!"

ಅಪ್ಪ ಕುಮಟಾಕ್ಕೆ ಕರೆದೊಯ್ದು ಇಂಜೆಕ್ಷನ್ ಕೊಡಿಸಿದ. ಊತ ಇಳಿಯಲು ಒಂದೆರಡು ದಿನ ಬೇಕು ಎಂದರು ಡಾಕ್ಟರು. ಮನೆಗೆ ಬಂದರೆ ಅಜ್ಜಿಯದು ಬೇರೆಯೇ ಔಷಧಿ. "ಹೊಲಗೇರು ಸಿಟ್ಟಿನ ಅಣ್ಣ, ತಾರೆಮರ ತಣ್ಣನೆ ತಂಗಿ. ಅಣ್ಣ ಹೊಡೆದ್ರೆ ತಂಗಿ ಹತ್ರ ಹೇಳ್ಬೇಕು. ಮರ ಸುತ್ತಿ ತಬ್ಬಿಕೊಂಡು ಬಾ."

ಆ ಉರಿಯಲ್ಲೂ ನನಗೆ ಕುತೂಹಲ. "ಹಾಗೆ ಮಾಡಿ ಯಾರಿಗಾದ್ರೂ ಇಳಿದದ್ದು ನೀ ನೋಡಿದ್ಯಾ?"

"ತಲೆ ತಿನ್ಬೇಡ!"

ಚಿಕ್ಕಮ್ಮನ ಚಿಂತೆಯೇ ಬೇರೆ. "ಈ ಮುಖ ಕಂಡ್ರೆ ಚರ್ಮದ ರೋಗ ಅಂತಾರೆ. ಸಂಬಂಧ ಉಳೀತದಾ? ಫೋನ್ ಮಾಡಿ ಮುಂದೂಡಿ." ಫೋನ್ ಮಾಡಿದರೆ ಅವರು ಆಗಲೇ ಹೊರಟಾಗಿತ್ತು. ಹುಡುಗ ನನಗೆ ತುಂಬ ಇಷ್ಟವಾಗಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಅತ್ತುಬಿಟ್ಟೆ.

ಅವರು ಬಂದರು. ನನ್ನ ಮುಖ ನೋಡಿ ಹುಡುಗನ ತಾಯಿ ಹತ್ತಿರ ಬಂದು ಕೇಳಿದರು.

"ಎಂತ ಆತು ಮಗಾ?"

"ಹೊಲಗೇರು" ಎಂದೆ, ತಲೆ ಎತ್ತದೆ.

"ತಾರೆಮರ ಸುತ್ತಿದ್ಯಾ?"

"ಇಲ್ಲ."

ಅವರು ಸೀರೆ, ಹೂವಿನ ಹರಿವಾಣ ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಮರ ಎಲ್ಲದೆ? ಮೊದಲು ಅದಾಗ್ಲಿ."

ರೇಷ್ಮೆ ಸೀರೆಯ ದಿಬ್ಬಣವೆಲ್ಲ ಬೆಟ್ಟದ ದಾರಿ ಹಿಡಿಯಿತು. ಮೊದಲು ಸುತ್ತಬೇಕು ಎಂದು ನಮ್ಮಜ್ಜಿ; ನಮ್ಮ ಹೊನ್ನಾವರದ ಕಡೆ ಮೊದಲು ತಬ್ಬೋದು ಎಂದು ಹುಡುಗನ ತಾಯಿ. ಮರದ ಬುಡದಲ್ಲಿ ಇಬ್ಬರದೂ ವಾದವೋ ವಾದ! ನನಗೆ ನಗು ಬಂತು, ನಕ್ಕರೆ ಕೆನ್ನೆ ಉರಿ. ಕೊನೆಗೆ ಅವರೇ ನನ್ನ ಎರಡೂ ಕೈಯನ್ನು ಕಾಂಡಕ್ಕೆ ಒತ್ತಿ ಮರಕ್ಕೆ ಹೇಳಿದರು: "ತಾಯೀ, ನಿನ್ನಣ್ಣ ನಮ್ಮನೆ ಸೊಸೆಗೆ ಹೊಡೆದಿದ್ದಾನೆ. ತಣ್ಣಗೆ ಮಾಡು."

ಎರಡು ದಿನದಲ್ಲಿ ಊತ ಇಳಿಯಿತು. ಇಂಜೆಕ್ಷನ್ನಿಂದಲೋ ಮರದಿಂದಲೋ, ಸಿಕ್ಕಿದವರನ್ನೆಲ್ಲ ಕೇಳುತ್ತಲೇ ಇದ್ದೇನೆ. ಆದರೆ ಉಂಗುರ ಹಾಕುವ ಮೊದಲೇ, ಆ ಮುಖ ನೋಡಿಯೂ, ಅವರು "ನಮ್ಮನೆ ಸೊಸೆ" ಅಂದುಬಿಟ್ಟರಲ್ಲ, ಅದನ್ನು ನೆನೆದರೆ ಈಗಲೂ ಕಣ್ಣು ತುಂಬಿ ಬರುತ್ತದೆ.